ದಂಡಿಯೊಳಗಿನ ತಂತಿ

ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಹೊಸದಾಗಿ ಕರಕುಶಲ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ್ದಾಳಂತೆ. "ಮೇಡಂ, ಮೊದಲನೇ ದಿನ ಕ್ಲಾಸಿನಾಗ ಏನು ಕಲಿಸ್ಲಿರಿ?" ಎಂದು ಕೇಳಿದಳು. "ಏನೂ ಕಲಿಸಬ್ಯಾಡ. ಒಂದು ಚೆಂಬು ನೀರು ತಗೊಂಡು, ನಿನ್ನ ಹತ್ರ ಇರೋ ತಂತಿ ಎಲ್ಲಾದ್ರದ್ದೂ ಒಂದೊಂದು ತುಂಡು ಅದ್ರಾಗ ಹಾಕಿ ಎಂಟು ದಿನ ಇಡು" ಎಂದೆ. ಆಗಲಿ ಮೇಡಂ ಎಂದು ಫೋನು ಇಟ್ಟಳು. ಮುದುಕಿಗೆ ಅರಳುಮರಳು ಶುರುವಾಗಿದೆ ಎಂದುಕೊಂಡಿರಬೇಕು. ಅವಳಿಗಾಗಿ, ಅವಳಂಥ ಉಳಿದ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹರಪನಹಳ್ಳಿಯವಳು. ಕೆಲಸಕ್ಕೆ ಸೇರಿದ್ದು ಹಡಗಲಿಯಲ್ಲಿ, ಹೆಚ್ಚು ವರ್ಷ ಕಳೆದದ್ದು ಕೂಡ್ಲಿಗಿಯ ಹೆಣ್ಣುಮಕ್ಕಳ ತರಬೇತಿ ಕೇಂದ್ರದಲ್ಲಿ. ಹೊಲಿಗೆ, ಕಸೂತಿ, ಮಣಿಯ ಬೊಂಬೆ, ವೈರಿನ ಬುಟ್ಟಿ, ತಂತಿಯ ಹೂವು, ಇಷ್ಟು ನನ್ನ ಪಾಲಿನ ವಿದ್ಯೆ. ನನ್ನ ಮಾತು ದಾವಣಗೆರೆ ಕಡೆ ವಾಲುತ್ತದೆ ಎಂದು ಕೂಡ್ಲಿಗಿಯ ಹುಡುಗಿಯರು ಮೊದಲ ವಾರವೇ ಅಣಕಿಸಿದರು. ಎರಡನೆಯ ವಾರ ನಾನು ಅವರಂತೆಯೇ ಮಾತಾಡತೊಡಗಿದೆ. ಬಡ್ತಿ ಸಿಕ್ಕಿತೇ ಎಂದರೆ ಒಂದು ಸಿಕ್ಕಿತು. ಅದರಿಂದ ಒಂದು ಮೇಜು ಹೆಚ್ಚಾಯಿತು, ಅದರ ಕಾಲು ಅಲ್ಲಾಡುತ್ತಿತ್ತು. ಆ ಕಥೆ ಇಲ್ಲಿಗೆ ಸಾಕು.

ತೊಂಬತ್ತರ ಆ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ವೈರಿನ ಬುಟ್ಟಿ ಇಲ್ಲದ ಮನೆ ಇರಲಿಲ್ಲ. ಸಂತೆಗೂ ಅದೇ, ತವರಿಗೂ ಅದೇ, ಆಸ್ಪತ್ರೆಗೂ ಅದೇ. ಹಸಿರು, ಹಳದಿ, ಗುಲಾಬಿ ಬಣ್ಣದ ಆ ವೈರಿನೊಳಗೆ ಲೋಹ ಎಂಬುದೇ ಇಲ್ಲ, ಬರೀ ಪ್ಲಾಸ್ಟಿಕ್ಕು. ತೊಳೆದ ಸೊಪ್ಪು ತುಂಬಿ, ಹಳ್ಳದಲ್ಲಿ ಅದ್ದಿ, ಬಿಸಿಲಿಗೆ ಹಾಕಿದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಅದನ್ನೇ ಹೆಣೆದು ಹೆಣೆದು, ನಾವು ಕೈಗೆ ತೆಗೆದುಕೊಂಡದ್ದೆಲ್ಲ ನೀರಿಗೆ ಅಂಜುವುದಿಲ್ಲ ಎಂಬ ಭಂಡಧೈರ್ಯ ನಮಗೆ ಬಂದಿತ್ತು. ಮುಂದಿನ ಎಡವಟ್ಟುಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಮೊದಲನೆಯದು ಹಂಸದ ಎಡವಟ್ಟು. ನಮ್ಮ ಮೇಲೆ ಒಬ್ಬ ಸೂಪರಿಂಟೆಂಡೆಂಟ್ ಸಾಹೇಬರಿದ್ದರು. ಒಳ್ಳೆಯ ಮನುಷ್ಯ. ಲೋಕದಲ್ಲಿ ಬಣ್ಣ ಬಳಿದರೆ ಸರಿಹೋಗದ ತೊಂದರೆ ಯಾವುದೂ ಇಲ್ಲ ಎಂಬುದು ಅವರ ಸಿದ್ಧಾಂತ. ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ಕೇಂದ್ರ ನೋಡಲು ಬರುವವರಿದ್ದರು. ಅಂಗಳದಲ್ಲಿದ್ದ ಸಿಮೆಂಟಿನ ತೊಟ್ಟಿಗೆ ನೀರು ತುಂಬಿಸಿ, ಅದರಲ್ಲಿ ನಾಲ್ಕು ಹಂಸ ತೇಲಿಬಿಡಬೇಕೆಂದು ಸಾಹೇಬರ ಅಪ್ಪಣೆಯಾಯಿತು. ಆಗ ತಾನೇ ಅಂಗಡಿಗೆ ಹೊಸ ಮಾಲು ಬಂದಿತ್ತು. ಸಣ್ಣ ಕಬ್ಬಿಣದ ತಂತಿಯ ಸುತ್ತ ಉಣ್ಣೆಯಂಥ ಎಳೆ ಅಂಟಿಸಿದ್ದು, ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತಿತ್ತು. ಹುಡುಗಿಯರು ಅದಕ್ಕೆ ಕಂಬಳಿಹುಳ ಎಂದು ಹೆಸರಿಟ್ಟಿದ್ದರು. ಬಿಳಿ ಕಂಬಳಿಹುಳಗಳನ್ನು ಸುತ್ತಿ ಸುತ್ತಿ, ಕೆಳಗೆ ಥರ್ಮೋಕೋಲ್ ಇಟ್ಟು ನಾಲ್ಕು ಹಂಸ ಮಾಡಿದೆವು. ನೀರಿಗೆ ಬಿಟ್ಟಾಗ ಏನು ಠೀವಿ ಅಂತೀರಿ.

ಅಧಿಕಾರಿ ಬಂದದ್ದು ಮೂರು ತಾಸು ತಡವಾಗಿ. ಅಷ್ಟರಲ್ಲಿ ಉಣ್ಣೆ ನೀರು ಕುಡಿದು ಭಾರವಾಗಿ, ನಾಲ್ಕೂ ಹಂಸಗಳ ಕತ್ತು ಬಗ್ಗಿ ಕೊಕ್ಕು ನೀರಿನೊಳಗೆ ಇಳಿದಿತ್ತು. ಅವರು ತೊಟ್ಟಿಯ ಬಳಿ ನಿಂತು, "ಏನ್ರಿ ಇವು, ನೀರು ಕುಡಿಯಾಕ ಹತ್ಯಾವೇನು?" ಎಂದರು.

ನಮ್ಮ ಸಾಹೇಬರು ಕಣ್ಣು ಮಿಟುಕಿಸದೆ, "ಹೌದ್ರಿ ಸಾರ್, ಹಂಗಽ ಮಾಡ್ಸೀವಿ" ಎಂದುಬಿಟ್ಟರು.

ಅಧಿಕಾರಿಗೆ ಬಹಳ ಖುಷಿಯಾಯಿತು. ಮರುದಿನ ನೋಡಿದರೆ ತೊಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಹಂಸಗಳ ಮೈತುಂಬ ತುಕ್ಕು. "ಬಣ್ಣ ಬಳೀಬೇಕಿತ್ತು" ಎಂದರು ಸಾಹೇಬರು. ನಾನು ಕಲಿತ ಪಾಠವೂ ಅಷ್ಟೇ ತಪ್ಪು. ತಪ್ಪು ಉಣ್ಣೆಯದು, ನೀರು ಹೀರಿದ್ದು ಅದೇ, ಉಣ್ಣೆ ಇಲ್ಲದ ತಂತಿಗೆ ಬಣ್ಣ ಹಚ್ಚಿದರೆ ಸಾಕು ಎಂದು ತೀರ್ಮಾನಿಸಿದೆ. ನಗುತ್ತಾ ಕಲಿತ ಪಾಠ ಅರ್ಧ ಪಾಠ. ಉಳಿದರ್ಧ ಕಲಿಯಲು ಯಲ್ಲಮ್ಮ ಬೆಲೆ ತೆರಬೇಕಾಯಿತು.

ಯಲ್ಲಮ್ಮ ನಮ್ಮ ಕೇಂದ್ರದ ವಿದ್ಯಾರ್ಥಿನಿ. ವಯಸ್ಸು ಇಪ್ಪತ್ತೈದರ ಆಸುಪಾಸು. ಗಂಡನ ಮನೆಯಲ್ಲಿ ಬಾಳ್ವೆ ಸರಿಬರದೆ ತವರಿಗೆ ಬಂದಿದ್ದಳು. ಕೈ ಎಂದರೆ ಕೈ, ನಾನು ಹತ್ತು ಸಲ ಬಿಚ್ಚಿ ಕಟ್ಟುವುದನ್ನು ಅವಳು ಒಂದೇ ಸಲಕ್ಕೆ ಕಟ್ಟುತ್ತಿದ್ದಳು. ಮದುವೆಯ ಅಲಂಕಾರ ಮಾಡಿ ಬದುಕು ಕಟ್ಟಿಕೊಳ್ಳಬೇಕೆಂಬ ಆಸೆ ಅವಳಿಗೆ. ನಮ್ಮ ಕಡೆ ಅದು ಸುಲಭವಲ್ಲ. ಶುಭಕಾರ್ಯದ ಸಾಮಾನು ಮಾಡುವವರಿಗೆ ಕೈಗುಣ ಇರಬೇಕು, ಅವರ ಕೈಯಿಂದ ಬಂದದ್ದು ಮನೆಗೆ ಒಳ್ಳೆಯದು ಮಾಡಬೇಕು ಎಂದು ಜನ ನೋಡುತ್ತಾರೆ. ಗಂಡನನ್ನು ಬಿಟ್ಟು ಬಂದವಳ ಕೈಗುಣದ ಬಗ್ಗೆ ಜನ ಮೊದಲೇ ತುಟಿ ಕೊಂಕಿಸುತ್ತಿದ್ದರು. ಒಂದು ಒಳ್ಳೆಯ ಮನೆಯಲ್ಲಿ ಅವಳ ಕೆಲಸ ಸೈ ಅನ್ನಿಸಿಕೊಂಡರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ನಾನು ಲೆಕ್ಕ ಹಾಕಿದೆ.

ಆ ಮನೆ ಕೊಟ್ಟೂರಿನಲ್ಲಿ ಸಿಕ್ಕಿತು. ಕಾಳುಕಡಿ ವ್ಯಾಪಾರದ ಮನೆತನ, ಮೊಮ್ಮಗಳು ಸುಮಂಗಲಾಳ ಮದುವೆ. ಮನೆಯಲ್ಲಿ ನಡೆಯುವುದು ಅಜ್ಜಿ ಶಿವಗಂಗಮ್ಮನವರ ಮಾತು. ಮದುಮಗಳಿಗೆ ದಂಡಿ ಮಾಡಿಕೊಡುವ ಕೆಲಸವನ್ನು ನಾನು ಯಲ್ಲಮ್ಮನಿಗೆ ಕೊಡಿಸಿದೆ. ದಂಡಿ ಎಂದರೆ ಮದುಮಗಳ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂರುವ ಹೂವಿನ ಕಮಾನು. ಮೊದಲೆಲ್ಲ ಬಾಳೆನಾರು, ಬಿದಿರಿನ ಸೀಳು ಇಟ್ಟು ಕಟ್ಟುತ್ತಿದ್ದರು. ತಂತಿಯ ಚೌಕಟ್ಟಿನಲ್ಲಾದರೆ ನವಿಲು, ಬಳ್ಳಿ, ಕಮಲ, ಬೇಕಾದ ಆಕಾರ ಬರುತ್ತದೆ, ಮಣಿಯೂ ಕೂರುತ್ತದೆ, ಅದರ ಮೇಲೆ ಹಡಗಲಿ ಮಲ್ಲಿಗೆ ಕಟ್ಟಿದರೆ ನೋಡಬೇಕು. ಕಬ್ಬಿಣದ ಸಣ್ಣ ತಂತಿ, ಸಿಮೆಂಟಿನ ಕೆಲಸದವರು ಸರಳು ಕಟ್ಟುತ್ತಾರಲ್ಲ, ಅದನ್ನೇ ತಂದು, ಹಸಿರು ಬಣ್ಣ ಬಳಿದು, ಮೇಲೆ ಹಸಿರು ಕಾಗದದ ಟೇಪು ಸುತ್ತಿ ಯಲ್ಲಮ್ಮನ ಕೈಗೆ ಕೊಟ್ಟೆ.

ಅವಳು ಅದನ್ನು ತಿರುಗಿಸಿ ನೋಡಿ, "ಟೀಚರ್, ಹೂವಿಗೆ ನೀರು ಚಿಮುಕಿಸಬೇಕಲ್ಲರಿ. ಇದು ತುಕ್ಕು ಬಿಡಲ್ಲೇನು?" ಎಂದು ಕೇಳಿದಳು.

"ಬಣ್ಣ ಹಚ್ಚೀನಲ್ಲ, ಟೇಪು ಬ್ಯಾರೆ ಐತಿ. ನೀ ಸುಮ್ನ ಕಟ್ಟು" ಎಂದೆ. ಸಾಹೇಬರ ಸಿದ್ಧಾಂತ ನನ್ನ ಬಾಯಿಂದಲೇ ಬಂತು.

ಅವಳು ಮದುವೆಯ ಹಿಂದಿನ ಸಂಜೆ ಹೂ ಕಟ್ಟಿ ಮುಗಿಸಿದಳು. ಮಲ್ಲಿಗೆ ಬಾಡದಿರಲಿ ಎಂದು ಎಂದಿನಂತೆ ಹಸಿ ಬಟ್ಟೆಯಲ್ಲಿ ಸುತ್ತಿಟ್ಟೆವು. ಬೆಳಗ್ಗೆ ನಾನೊಬ್ಬಳೇ ಅದನ್ನು ಕೊಟ್ಟೂರಿಗೆ ಒಯ್ದೆ. ಮದುಮಗಳ ತಲೆಗೆ ಏರಿಸಿದ ಮೇಲೂ ಅವಳ ಅತ್ತೆಯೊಬ್ಬಳು ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ಕಾಗದದ ಟೇಪು ಆ ನೀರನ್ನೆಲ್ಲ ಕುಡಿದು ತಂತಿಗೆ ಅಂಟಿಕೊಂಡು ಕೂತಿತ್ತು. ತಂತಿ ಬಗ್ಗಿಸಿದ ಕಡೆಯೆಲ್ಲ ಬಣ್ಣ ಎದ್ದಿತ್ತು. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದು, ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ ಸುಮಂಗಲಾಳ ಕಿವಿಯ ಪಕ್ಕದಿಂದ ಕಂದು ಬಣ್ಣದ ಗೆರೆಯೊಂದು ಇಳಿದು, ಕೆನೆಬಣ್ಣದ ರೇಷ್ಮೆ ಸೀರೆಯ ಹೆಗಲ ಮೇಲೆ ಅಂಗೈಯಗಲ ಹರಡಿತ್ತು.

ಶಿವಗಂಗಮ್ಮನವರು ಆ ಸೆರಗನ್ನು ಕೈಯಲ್ಲಿ ಹಿಡಿದು, "ಈ ದಂಡಿ ಯಾರು ಮಾಡ್ಯಾರ?" ಎಂದು ಕೇಳಿದರು.

"ಕೂಡ್ಲಿಗಿ ಯಲ್ಲಮ್ಮ ಅಂತ. ಗಂಡನ್ನ ಬಿಟ್ಟು ಬಂದಾಳಲ್ಲ, ಆಕಿ" ಎಂದು ಯಾರೋ ಹೇಳಿದರು.

"ಆಕಿ ಕೈಗುಣ ನೆಟ್ಟಗಿಲ್ಲ" ಎಂದರು ಅಜ್ಜಿ. ಅಷ್ಟೇ ಅಂದದ್ದು. ಆ ಮನೆಯಲ್ಲಿ ಅಷ್ಟೇ ಸಾಕಿತ್ತು.

ನಾನು ಎರಡು ಮಾರು ದೂರದಲ್ಲಿ ಎಲೆಯ ಮುಂದೆ ಕೂತಿದ್ದೆ. ತಂತಿ ಕೊಟ್ಟವಳು ನಾನು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಬಾಯಲ್ಲಿ ಹೋಳಿಗೆ ಇತ್ತು ಎಂದು ನನಗೆ ನಾನೇ ಬಹಳ ದಿನ ಸಮಾಧಾನ ಹೇಳಿಕೊಂಡೆ. ಒಂದು ತುತ್ತು ಹೋಳಿಗೆ ನುಂಗಲು ಎಷ್ಟು ಹೊತ್ತು ಬೇಕು? ನನ್ನ ಇಡೀ ನೌಕರಿಯಲ್ಲಿ ನನಗೆ ನಾಚಿಕೆ ತರುವ ಗಳಿಗೆ ಯಾವುದು ಎಂದು ಕೇಳಿದರೆ ಅದೇ.

ಸುದ್ದಿ ಬಸ್ಸಿಗಿಂತ ಮೊದಲು ಕೂಡ್ಲಿಗಿ ಮುಟ್ಟಿತು. ಯಲ್ಲಮ್ಮನಿಗೆ ದಂಡಿ ಹೇಳಿದ್ದ ಎರಡು ಮನೆಯವರು ಬೇಡ ಎಂದರು. ಅವಳು ಮತ್ತೆ ಬುಟ್ಟಿ ಹೆಣೆಯುತ್ತಾ ಕೂತಳು. ನನ್ನನ್ನು ಒಂದು ಮಾತೂ ಆಡಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಹೆಣೆಯುವುದನ್ನು ನಿಲ್ಲಿಸಿ, ಎರಡೂ ಅಂಗೈ ಮುಂದೆ ಚಾಚಿ, "ಟೀಚರ್, ನಿಜವಾಗ್ಲೂ ನನ್ನ ಕೈಯಾಗ ಏನರ ಐತೇನ್ರಿ?" ಎಂದು ಕೇಳಿದಳು. ಅವಳು ಅದನ್ನು ನಂಬತೊಡಗಿದ್ದಳು.

ಮರುದಿನವೇ ಕಿಟಕಿಯಲ್ಲಿ ಗಾಜಿನ ಬಾಟಲಿಗಳ ಸಾಲು ಶುರುವಾಯಿತು. ಒಂದೊಂದರಲ್ಲಿ ಒಂದೊಂದು ತಂತಿ, ಮೇಲೆ ಚೀಟಿ. ನೀರು ನಮ್ಮ ಕೇಂದ್ರದ ಬೋರಿನದು, ಕುಡಿದರೆ ನಾಲಿಗೆ ದಪ್ಪವಾಗುವಂಥ ಗಡಸು ನೀರು. ಬರೀ ಕಬ್ಬಿಣ ಒಂದೇ ದಿನಕ್ಕೆ ಸೋತಿತು. ಬಣ್ಣ ಬಳಿದದ್ದು ಎರಡು ದಿನ ನಿಂತಿತು. ಬೇಲಿ ಕಟ್ಟುವ ಬೆಳ್ಳಗಿನ ತಂತಿ ಚೆನ್ನಾಗಿಯೇ ಬಾಳಿತು, ಆದರೆ ಕತ್ತರಿಸಿದ ತುದಿಯಲ್ಲಿ ಕೆಂಪಾಯಿತು, ಬಗ್ಗಿಸಲು ಹೋದರೆ ಬೆರಳು ಕೀಳುತ್ತಿತ್ತು. ಅಲ್ಯೂಮಿನಿಯಂ ತುಕ್ಕು ಹಿಡಿಯದು, ಆದರೆ ನಾಲ್ಕು ಸಲ ಆ ಕಡೆ ಈ ಕಡೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಹಿತ್ತಾಳೆಗೆ ಹಸಿರು ಬಂತು. ಬುಟ್ಟಿಯ ವೈರು ನೀರಿನಲ್ಲಿ ರಾಜನಂತೆ ಕೂತಿತ್ತು, ಆದರೆ ಬಗ್ಗಿಸಿದಂತೆ ನಿಲ್ಲುವ ಬುದ್ಧಿ ಅದಕ್ಕಿಲ್ಲ. ದಿನಾ ಬೆಳಗ್ಗೆ ಹುಡುಗಿಯರು ಬಂದವರೇ ಕಿಟಕಿಗೆ ಹೋಗಿ, "ಟೀಚರ್, ಇವತ್ತು ಹಿತ್ತಾಳಿ ತೀರಿಕೊಂತು" ಎಂದು ವರದಿ ಒಪ್ಪಿಸುತ್ತಿದ್ದರು. ಸಾಹೇಬರು ಬಾಟಲಿಗಳನ್ನು ನೋಡಿ, ಇದು ಕರಕುಶಲ ಕೇಂದ್ರವೋ ಉಪ್ಪಿನಕಾಯಿ ಕೇಂದ್ರವೋ ಎಂದು ಕೇಳಿದರು. ಯಲ್ಲಮ್ಮ ಮಾತ್ರ ಕಿಟಕಿಯ ಕಡೆ ಬರುತ್ತಿರಲಿಲ್ಲ.

ಹೀಗೆ ತಿಂಗಳುಗಳು ಕಳೆದ ಮೇಲೆ ನಮ್ಮ ಬೋರಿನ ಮೋಟಾರು ಸುಟ್ಟಿತು. ಮೇಲೆತ್ತಿಸಿ, ರಿಪೇರಿಗೆ ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದ ವೈಂಡಿಂಗ್ ಅಂಗಡಿಗೆ ಒಯ್ಯುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಅಂಗಡಿ ಖಾಜಾ ಸಾಬರದು. ಅವರು ಮೋಟಾರಿನ ಬಾಯಿ ಬಿಚ್ಚಿ ಓರೆ ಮಾಡಿದ ಕೂಡಲೇ ಒಳಗಿಂದ ಗುಳುಗುಳು ಎಂದು ನೀರು ಸುರಿಯಿತು.

"ಒಳಗ ನೀರು ಹೊಕ್ಕೈತಿ ನೋಡ್ರಿ, ಅದಕ್ಕಽ ಸುಟ್ಟೈತಿ" ಎಂದೆ, ಬಹಳ ತಿಳಿದವಳಂತೆ.

ಖಾಜಾ ಸಾಬರು ನಕ್ಕರು. "ಒಳಗ ನೀರು ಇರಾಕಽ ಬೇಕ್ರಿ ಟೀಚರಮ್ಮ. ನಾವಽ ತುಂಬಿಸಿ ಬೋರಿಗೆ ಇಳಸ್ತೀವಿ."

"ಮತ್ತ ಒಳಗಿನ ತಂತಿ?"

"ತಾಮ್ರದ ವೈರು, ಮ್ಯಾಲೆ ಪ್ಲಾಸ್ಟಿಕ್ ಸುತ್ತಿರ್ತೈತ್ರಿ. ಫ್ಯಾನಿನ ವೈರು ಬ್ಯಾರೆ, ಇದು ಬ್ಯಾರೆ. ಮುನ್ನೂರು ಅಡಿ ಆಳದಾಗ, ನೀರಾಗಽ ಕುಂತು ವರ್ಷಗಟ್ಲೆ ದುಡಿಯೋದು ಇದು."

ನಾನು ಅಲ್ಲೇ ಇದ್ದ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟೆ. ಒಂದು ಬೆಳಗಿನ ಚಿಮುಕು ನೀರು ತಡೆಯುವ ತಂತಿಗಾಗಿ ನಾನು ಬಾಟಲಿ ಹಿಡಿದು ಕೂತಿದ್ದರೆ, ಅದು ನಮ್ಮ ಅಂಗಳದ ಕೆಳಗೇ ಇತ್ತು, ಬಾಟಲಿಗೆ ನೀರೆತ್ತಿ ಕೊಡುತ್ತಿದ್ದುದೂ ಅದೇ. ಖಾಜಾ ಸಾಬರಿಗೆ ದಂಡಿಯ ಕಥೆಯನ್ನೆಲ್ಲ ಹೇಳಿದೆ, ಹೋಳಿಗೆಯನ್ನೂ ಬಿಡದೆ. ಅವರು ಸುಟ್ಟ ವೈರಿನ ರಾಶಿಯನ್ನು ಕಾಲಿಂದ ಸರಿಸಿ, ಹೊಸ ಸುರುಳಿಯಲ್ಲಿ ಉಳಿದಿದ್ದ ತುಂಡುಗಳನ್ನು ಆರಿಸಿಕೊಟ್ಟರು. "ತುದಿ ಮುಚ್ಚೋದು ಮರೀಬ್ಯಾಡ್ರಿ. ಕತ್ತರಿಸಿದ ಮೂತಿಯಾಗ ನೀರು ಹೊಕ್ಕರ ಕಥಿ ಮುಗೀತು" ಎಂದರು. ಈ ಮಾತನ್ನು ಹೊಸ ಶಿಕ್ಷಕಿಯರು ಬರೆದಿಟ್ಟುಕೊಳ್ಳಬೇಕು. ನೀರಿನ ಕೆಲಸದಲ್ಲಿ ತಂತಿ ಸಾಯುವುದು ತುದಿಯಿಂದ, ಇಲ್ಲವೇ ಇಕ್ಕಳದ ಹಲ್ಲು ಕಚ್ಚಿದ ಗಾಯದಿಂದ.

ಕೇಂದ್ರಕ್ಕೆ ಬಂದು ಆ ತುಂಡುಗಳನ್ನು ಯಲ್ಲಮ್ಮನ ಮಡಿಲಿಗೆ ಸುರಿದೆ. ಅವಳಿಗೆ ಮೊದಲು ಮನಸ್ಸೇ ಇರಲಿಲ್ಲ. ಆದರೆ ಒಳ್ಳೆಯ ಕೈ ಒಳ್ಳೆಯ ತಂತಿಯನ್ನು ಮುಟ್ಟಿ ಸುಮ್ಮನಿರಲಾರದು. ಸ್ವಲ್ಪ ಹೊತ್ತಿಗೆ ಬೆರಳುಗಳು ತಾವಾಗಿ ಒಂದು ಎಲೆ ಬಗ್ಗಿಸಿದ್ದವು. ಇಕ್ಕಳಕ್ಕೆ ಬಟ್ಟೆ ಸುತ್ತಿಕೊಂಡಳು. ತುದಿ ಮುಚ್ಚುವ ಉಪಾಯವೂ ಅವಳದೇ. ತುದಿಯನ್ನು ಹಿಂದಕ್ಕೆ ಮಡಚಿ, ಕರಗಿಸಿದ ಅರಗಿನಲ್ಲಿ ಅದ್ದಿ, ಅರಗು ಆರುವ ಮೊದಲೇ ಮೇಲೆ ಒಂದು ಮಣಿ ಕೂರಿಸುತ್ತಿದ್ದಳು. ಮುಚ್ಚಿದ್ದೂ ಕಾಣದು, ಚೆಂದವೂ ಹೆಚ್ಚಿತು. ಆ ತುಂಡು ಒಂದು ತಿಂಗಳು ಬಾಟಲಿಯಲ್ಲಿತ್ತು. ಮೇಲೆ ಗಡಸು ನೀರಿನ ಬಿಳಿ ಪುಡಿ ಕೂತಿತ್ತು, ಒರೆಸಿದರೆ ತಂತಿ ಹಾಕಿದ ದಿನದಂತೆಯೇ ಇತ್ತು. ಆ ಒಂದು ತಿಂಗಳು ಯಲ್ಲಮ್ಮ ದಿನಾ ಎಲ್ಲರಿಗಿಂತ ಮುಂಚೆ ಬಂದು ಕಿಟಕಿಯ ಬಳಿ ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಸುಮಂಗಲಾ ಏಳು ತಿಂಗಳ ಬಸುರಿ, ತವರಿನಲ್ಲಿ ಕುಬಸ, ಅಂದರೆ ಸೀಮಂತ, ಮಾಡುತ್ತಾರೆ ಎಂಬ ಸುದ್ದಿ ಬಂತು. ಕುಬಸಕ್ಕೂ ದಂಡಿ ಬೇಕು. ನಾನು ಒಬ್ಬಳೇ ಕೊಟ್ಟೂರಿಗೆ ಹೋದೆ. ಶಿವಗಂಗಮ್ಮನವರು ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು.

"ಅಜ್ಜಿ, ಮದಿವ್ಯಾಗ ಸೀರಿ ಕಲಿ ಆಗಿದ್ದು ಯಲ್ಲಮ್ಮನ ಕೈಯಿಂದ ಅಲ್ಲ. ತಂತಿ ನಾನು ಕೊಟ್ಟಿದ್ದು. ತುಕ್ಕು ಬಿಡತೈತಿ ಅಂತ ಆಕಿ ಹೇಳಿದ್ಲು, ನಾನಽ ಕೇಳಲಿಲ್ಲ" ಎಂದೆ. ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡು ಬಂದ ಮಾತು, ಒಂದೇ ಉಸಿರಿಗೆ ಮುಗಿಯಿತು.

ಕುಟ್ಟುವ ಸದ್ದು ನಿಂತಿತು. "ಅವತ್ತ್ಯಾಕ ಹೇಳಲಿಲ್ಲ?"

"ಹೆದ್ರಿಕಿ ಆತು."

"ಯಾರ ಹೆದ್ರಿಕಿ?"

"ನಿಮ್ಮದಽ ಅಜ್ಜಿ."

ಅವರು ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿದರು. "ಅಂದ್ರ ಇಷ್ಟು ದಿನ ಆ ಹುಡುಗಿ ನಿನ್ನ ತುಕ್ಕು ಹೊತ್ಕಂಡು ತಿರುಗ್ಯಾಳ" ಎಂದರು. ನಾನು ತಲೆ ತಗ್ಗಿಸಿದೆ. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅಜ್ಜಿಗೆ ಅಳುವವರನ್ನು ಕಂಡರೆ ಆಗದು. ನನ್ನ ಚೀಲದತ್ತ ಕೈ ಚಾಚಿ, "ಏನು ತಂದೀ, ತಗಿ ಹೊರಗ" ಎಂದರು. ಯಲ್ಲಮ್ಮ ಮಾಡಿದ ಹೊಸ ಚೌಕಟ್ಟು, ಇನ್ನೂ ಹೂ ಕಟ್ಟದ್ದು, ಅದರಲ್ಲಿತ್ತು. ಅಜ್ಜಿ ಅದನ್ನು ತಾವೇ ಒಯ್ದು ಹಿತ್ತಾಳೆ ಕೊಳಗದ ನೀರಲ್ಲಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿದರು. "ನಾಲ್ಕು ದಿನ ಬಿಟ್ಟು ಬಾ" ಎಂದರು.

ನಾಲ್ಕು ದಿನ ಬಿಟ್ಟು ಹೋದಾಗ ಚೌಕಟ್ಟನ್ನು ನನ್ನ ಕೈಗಿಟ್ಟು, "ಹೂ ಕಟ್ಟಿ ತರಾಕ ಹೇಳು. ಆಕೀನೂ ಬರಬೇಕು" ಎಂದಷ್ಟೇ ಹೇಳಿದರು. ಕೂಡ್ಲಿಗಿಗೆ ಬಂದು ಯಲ್ಲಮ್ಮನಿಗೂ ಎಲ್ಲ ಹೇಳಿದೆ, ಬಾಯಲ್ಲಿದ್ದ ಹೋಳಿಗೆಯನ್ನೂ ಸೇರಿಸಿ.

ಕುಬಸದ ದಿನ ಮನೆ ತುಂಬ ಹೆಣ್ಣುಮಕ್ಕಳು. ಸುಮಂಗಲಾ ಹಸಿರು ಸೀರೆ, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ದಂಡಿ ಮುಡಿಸುವುದು ಮುತ್ತೈದೆಯರ ಕೆಲಸ. ಯಲ್ಲಮ್ಮ ದಂಡಿ ತಂದವಳು ಬಾಗಿಲ ಬಳಿಯೇ ತಟ್ಟೆ ಹಿಡಿದು ನಿಂತಿದ್ದಳು. ಯಾರಾದರೂ ಬಂದು ಕೈಯಿಂದ ತೆಗೆದುಕೊಳ್ಳಲಿ ಎಂದು ಕಾಯುತ್ತಿದ್ದಳು.

"ಅಲ್ಯಾಕ ನಿಂತಿ? ಬಾ ಇಲ್ಲಿ" ಎಂದರು ಶಿವಗಂಗಮ್ಮ. "ಮಾಡಿದಾಕಿನಽ ಮುಡಿಸಬೇಕು."

ಗುಸುಗುಸು ಎದ್ದಿತು. ಅಜ್ಜಿ ಒಮ್ಮೆ ಸುತ್ತ ಕಣ್ಣು ಹಾಯಿಸಿದರು, ನಿಂತುಹೋಯಿತು. ಯಲ್ಲಮ್ಮ ನಡೆದು ಬಂದು ಸುಮಂಗಲಾಳ ತಲೆಗೆ ದಂಡಿ ಏರಿಸಿದಳು. ದಂಡಿ ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ಆಮೇಲೆ ಅವಳು ಮಾಡಿದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ಚೆಂಬನ್ನು ತೆಗೆದುಕೊಂಡು, ಬೆರಳಲ್ಲಿ ಚಿಮುಕಿಸುವ ಬದಲು ಬೊಗಸೆ ತುಂಬ ನೀರು ತೆಗೆದು ದಂಡಿಯ ಮೇಲೆ ಸುರಿದಳು. ನೀರು ಮಲ್ಲಿಗೆಯೊಳಗೆ ಇಳಿದು, ಮಣಿಗಳ ಸಂದಿಯಿಂದ ಹರಿದು, ಸುಮಂಗಲಾಳ ಹಣೆಯ ಮೇಲೆ ಬಂತು. ಅವಳು ಕಣ್ಣು ಮುಚ್ಚಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಶಿವಗಂಗಮ್ಮನವರು ಬಗ್ಗಿ, ತಮ್ಮ ಬಿಳಿ ಸೀರೆಯ ಸೆರಗಿನಿಂದ ಮೊಮ್ಮಗಳ ಹಣೆ, ಕಿವಿಯ ಪಕ್ಕ, ಕುತ್ತಿಗೆ ಒರೆಸಿದರು. ಆ ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. ಎಲ್ಲರೂ ಕತ್ತು ಉದ್ದ ಮಾಡಿ ನೋಡಿದರು. ಸೆರಗು ಒದ್ದೆಯಾಗಿತ್ತು, ಅಷ್ಟೇ.

"ಕೈ ಚಲೋ ಐತಿ" ಎಂದರು ಅಜ್ಜಿ, ಮನೆಗೆಲ್ಲ ಕೇಳುವಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆರತಿ ತರಲು ಹೇಳಿದರು.

ಊಟಕ್ಕೆ ಕೂತಾಗ ಯಲ್ಲಮ್ಮ ನನ್ನ ಪಕ್ಕದ ಎಲೆಗೇ ಬಂದಳು. ಅಷ್ಟರೊಳಗೆ ಇಬ್ಬರು ತಾಯಂದಿರು ಅವಳನ್ನು ಮೂಲೆಗೆ ಕರೆದು ತಮ್ಮ ಹೆಣ್ಣುಮಕ್ಕಳ ಮದುವೆಯ ದಿನ ಹೇಳಿ ಹೋಗಿದ್ದರು. ನಾನು ಕೈಯಲ್ಲಿ ಹೋಳಿಗೆ ಹಿಡಿದು ಸುಮ್ಮನೆ ಕೂತಿದ್ದೆ, ಬಾಯಿಗೆ ಹಾಕಿಕೊಳ್ಳಲು ಯಾಕೋ ಧೈರ್ಯ ಸಾಲಲಿಲ್ಲ.

"ತಿನ್ರಿ ಟೀಚರ್" ಎಂದಳು ಯಲ್ಲಮ್ಮ, ನನ್ನ ಎಲೆಗೆ ತುಪ್ಪ ಸರಿಸುತ್ತಾ. "ಹೇಳೋದೆಲ್ಲ ಹೇಳಿ ಆತಲ್ಲ."